ಬಾಣದ ಗುರುತು

ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿನ ಹಿಂದೆ
ಬೇಕರಿಯ ಮೇಲಿನ ಹತ್ತಡಿ ಕೋಣೆ ನನ್ನ ಸ್ಟುಡಿಯೊ.
ಕೆಳಗೆ ಬನ್ನಿನ ಒಲೆ, ಮೇಲೆ ತಗಡು,
ನಡುವೆ ನಾನು, ಮತ್ತೆ
ಕಂತಿನಲ್ಲಿ ಕೊಂಡ ಗ್ರಾಫಿಕ್ಸ್ ಕಾರ್ಡು.

'ಕೊಡಗಿನಲ್ಲಿದ್ದೀರಿ, ನಿಮಗೆಂಥ ಸೆಕೆ?'
ಫೋನಿನಲ್ಲಿ ನಗುತ್ತಾನೆ ಮೈಸೂರಿನ ಅಂಗಡಿಯವನು.
ಅವನಿಗೆ ನಮ್ಮೂರೆಂದರೆ ಕ್ಯಾಲೆಂಡರಿನ ಮಂಜು.
ನನ್ನ ಪರದೆಯ ಮೂಲೆಯಲ್ಲಿ ಎಂಬತ್ತೇಳು ಡಿಗ್ರಿ,
ಕೆಂಪಗೆ.

ಚಂಗಪ್ಪನವರ ಮಗಳು ದೇಚಮ್ಮನ ಮದುವೆ,
ನಾಲ್ಕು ಗಂಟೆಯ ವಿಡಿಯೊ, ಶನಿವಾರ ಕೊಡಬೇಕು.
ಮೂರು ರಾತ್ರಿಯೂ ನಿಂತದ್ದು ಅದೇ ಜಾಗದಲ್ಲಿ,
ಅರವತ್ತಮೂರು ಪರ್ಸೆಂಟಿಗೆ:
ತಲೆಯ ಮೇಲೆ ಬಿಂದಿಗೆ ಹೊತ್ತು
ಬಾವಿಯಿಂದ ತಿರುಗಿದ್ದಾಳೆ ಮದುಮಗಳು,
ಎದುರಿಗೆ ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ
ಒಂದು ಹೆಜ್ಜೆ ಬಿಡುತ್ತಿಲ್ಲ.
ಅಲ್ಲಿಗೆ ಎಲ್ಲ ಕಪ್ಪು.

ಸಿದ್ದಾಪುರದ ಬಸ್ಸಿಳಿದು ಹಂಸಾಕ ಬಂದರು,
ತೊಟ್ಟೆಯಲ್ಲಿ ಎರಡು ಫ್ಯಾನು,
ಯಾವುದೋ ಎಸ್ಟೇಟ್ ಆಫೀಸಿನ ಸತ್ತ ಮಿಷಿನ್ನಿನವು.
ಪೆಟ್ಟಿಗೆಯ ಪಕ್ಕ ಬಿಚ್ಚಿ ಅಂಗೈ ಒಡ್ಡಿದರು
ಮಗುವಿನ ಜ್ವರ ನೋಡುವಂತೆ.
'ಒಳಗೆ ತರುವವರು ಇಬ್ಬರಿದ್ದಾರೆ.
ಹೊರಗೆ ಕಳಿಸುವವರು ಯಾರು?'

ಹಿಂದಿನ ಫ್ಯಾನನ್ನು ತಿರುಗುಮುರುಗು ಕೂರಿಸಿದವನು ನಾನೇ,
ಹೋದ ವರ್ಷ ಧೂಳು ಕೊಡವಿದ ದಿನ.
ಚೌಕಟ್ಟಿನ ಅಂಚಿನಲ್ಲಿ ಬಾಣವಿರುತ್ತದಂತೆ, ಉಗುರಿನಷ್ಟು,
ಗಾಳಿ ಯಾವ ಕಡೆಗೆಂದು.
ಹನ್ನೆರಡು ವರ್ಷದಿಂದ ಇದೇ ಕೆಲಸ. ನೋಡಿರಲಿಲ್ಲ.

ಕಾರ್ಡಿನ ಹೊಟ್ಟೆಗೆ ತಾಗುವಂತೆ ಒಂದು,
ನೆತ್ತಿಯಲ್ಲಿ ಒಂದು, ಪ್ಲಾಸ್ಟಿಕ್ ಪಟ್ಟಿಯ ಬಿಗಿ.
ಎದುರಿನ ಕಣದ ಕಾಫಿಹೊಟ್ಟಿನ ಧೂಳಿಗೆ
ಮುಂದೆ ಹೆಂಡತಿಯ ಹಳೆ ದುಪಟ್ಟಾದ ತುಂಡು.
ಆಮೇಲೆ ದೇವರ ಗೂಡಿನಿಂದ ಒಂದು ಊದುಬತ್ತಿ.
ಹೊಗೆ ಮುಂದಿನಿಂದ ನುಗ್ಗಿ, ಕಾರ್ಡಿನಡಿ ಸುತ್ತಿ,
ಸ್ವಲ್ಪ ಯೋಚಿಸಿ,
ಹಿಂದಿನಿಂದ ಹೊರಟಿತು.
'ದಾರಿ ಬಿಟ್ಟರು ನೋಡು' ಎಂದರು ಹಂಸಾಕ.
ಮುನ್ನೂರು ತೆಗೆದುಕೊಂಡರು, ಬನ್ನು ಬೇಡವೆಂದರು.

ರಾತ್ರಿಯಿಡೀ ದೂರದ ತೋಟದಲ್ಲಿ
ಪಲ್ಪರ್ ಓಡಿದಂಥ ಸದ್ದು.
ಎಪ್ಪತ್ತೊಂದು ಡಿಗ್ರಿ. ನಿದ್ದೆ ಬರಲಿಲ್ಲ.
ಅರವತ್ತೆರಡು ಪರ್ಸೆಂಟ್. ಅರವತ್ತಮೂರು.
ಬಿಂದಿಗೆ ಅಲುಗಿತು.
ಅರವತ್ತನಾಲ್ಕು.

ಬೆಳಗ್ಗೆ ಕೋಣೆಯ ತುಂಬ ಕಾಫಿ ಹೂವಿನ ವಾಸನೆ;
ಕಿಟಕಿಯಿಂದ ಬಂದದ್ದನ್ನು ಮಿಷಿನ್ನು ಎಳೆದುಕೊಂಡು
ಹಿಂದಿನಿಂದ ಬಿಸಿಬಿಸಿ ಬಿಡುತ್ತಿತ್ತು.
ದುಪಟ್ಟಾಕ್ಕೆ ಅಂಟಿಕೊಂಡಿತ್ತು ಒಂದು ಜೇನು,
ಗಾಳಿಯ ಸೆಳೆತಕ್ಕೆ ರೆಕ್ಕೆ ಬಿಚ್ಚಲಾರದೆ.
ಇನ್ನೂ ಒಂಬತ್ತು ಪರ್ಸೆಂಟ್ ಬಾಕಿ.

ಮುಂದಿನ ಫ್ಯಾನಿನ ವೈರು ಕಿತ್ತೆ.
ಎಪ್ಪತ್ನಾಲ್ಕು. ಎಪ್ಪತ್ತೊಂಬತ್ತು.
ಅದಕ್ಕೇನು ಅವಸರ? ಹಿಂಗಾಲಿನಿಂದ
ಒಂದು ರೆಕ್ಕೆ ಒರೆಸಿತು, ಇನ್ನೊಂದು ಒರೆಸಿತು.
'ಹೋಗು ಮಾರಾಯ್ತಿ, ಶನಿವಾರ ಇವತ್ತು.'
ಎಂಬತ್ತೆರಡು.

ಹೋಯಿತು,
ಹೂವಿದ್ದ ಕಡೆಗಲ್ಲ,
ಕೆಳಗೆ, ಬನ್ನಿನ ಸಕ್ಕರೆಯ ಕಡೆಗೆ.