ಬಲಗೈಯ ಹಾಜರಿ

ನಲವತ್ತು ವರ್ಷ ಬೆಂಕಿಯ ಬಾವಿಗೆ ಇಳಿದ ಕೈ ಇದು.
ಕುತೈಸಿಯ ಸೇತುವೆ ದಾಟಿ, ಇಳಿಜಾರು ಬೀದಿಯಲ್ಲಿ
ನೆಲದೊಳಗೆ ಹೂತ ಮಣ್ಣಿನ ಒಲೆ.
ಹಿಟ್ಟನ್ನು ದೋಣಿಯ ಹಾಗೆ ಎಳೆದು
ಸೊಂಟದ ತನಕ ಒಳಗೆ ಬಾಗಿ
ಕಾದ ಗೋಡೆಗೆ ಫಟ್ಟೆಂದು ಬಡಿದರೆ
ಅಂಟಬೇಕು. ಅಂಟುತ್ತಿತ್ತು.

ಫೆಬ್ರವರಿಯ ಒಂದು ನಸುಕು, ನಾಲ್ಕೂವರೆಗೆ,
ಹಿಟ್ಟು ಕೈಯಲ್ಲೇ ಇತ್ತು, ಕೈ ನನ್ನಲ್ಲಿ ಇರಲಿಲ್ಲ.
ಕೈ ಕೊಟ್ಟರು ಅನ್ನುತ್ತಾರಲ್ಲ,
ಹಾಗೆ ನನ್ನ ಕೈಯೇ ನನಗೆ ಕೈ ಕೊಟ್ಟಿತು.
ತಲೆಯೊಳಗೆ ಎಲ್ಲೋ ಕಡಲೆಕಾಳಿನಷ್ಟು ಜಾಗಕ್ಕೆ
ರಕ್ತ ಹೋಗಲಿಲ್ಲವಂತೆ.
ಕಡಲೆಕಾಳು! ಅಷ್ಟಕ್ಕೇ ಹೋದವು
ಬಲಗಾಲು, ಬಲಗೈ, ಬಾಯಿಯ ಬಲ ಮೂಲೆ,
ತಂಗಿಯ ಮಗಳ ಹೆಸರು.

ಆಸ್ಪತ್ರೆಯ ಮೂರನೇ ಮಹಡಿ. ನೆಸ್ತಾನ್ ಎಂಬ ಹುಡುಗಿ,
ಝುಗ್ದಿದಿಯವಳು, ಚೂಯಿಂಗ್ ಗಮ್ ಅಗಿಯುತ್ತ
ಮೇಜಿನ ನಡುವೆ ಕನ್ನಡಿ ನಿಲ್ಲಿಸುತ್ತಾಳೆ.
ಬಲಗೈ ಕನ್ನಡಿಯ ಹಿಂದೆ, ಕತ್ತಲಲ್ಲಿ. ಎಡಗೈ ಮುಂದೆ.
"ಬಿಚ್ಚು. ಮುಚ್ಚು. ಕನ್ನಡಿಯನ್ನೇ ನೋಡು."
ಕನ್ನಡಿಯಲ್ಲಿ ಬಲಗೈ ಬಿಚ್ಚುತ್ತದೆ, ಮುಚ್ಚುತ್ತದೆ,
ಒಲೆಯ ಬಾಯಿ ಕಚ್ಚಿದ ಸುಟ್ಟ ಕಲೆಗಳು ಮಾತ್ರ ಇಲ್ಲ.
ಸುಳ್ಳೆಂದು ನನಗೆ ಗೊತ್ತು.
"ತಲೆಗೆ ಗೊತ್ತಿಲ್ಲ, ಹೇಳಬೇಡ" ಅನ್ನುತ್ತಾಳೆ.
ಅರವತ್ತೆರಡನೇ ವಯಸ್ಸಲ್ಲಿ ನನ್ನ ತಲೆಗೆ ನಾನೇ
ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತ ಕೂತಿದ್ದೇನೆ.

ಹತ್ತನೇ ದಿನ ಎಡಗೈಗೆ ಶಿಕ್ಷೆ.
ಅಡುಗೆಮನೆಯ ದಪ್ಪ ಕೈಗವಸು ತಂದು ತೊಡಿಸಿ
ಮಣಿಕಟ್ಟಿಗೆ ಪಟ್ಟಿ ಬಿಗಿದಳು. ದಿನಕ್ಕೆ ಆರು ತಾಸು.
ನಲವತ್ತು ವರ್ಷ ಬರಿಗೈಯಲ್ಲಿ ಬೇಯಿಸಿದವನಿಗೆ
ಈಗ ಗವಸೇ, ಎಂದು ಕೇಳಹೊರಟೆ;
ಬಾಯಿಂದ ಬಂದದ್ದು "ಬರಿ... ಬರಿ..."
ಆಗುವವನು ಸುಮ್ಮನೆ ಕೂತು ಆಗದವನು ದುಡಿಯುವುದು
ಎಲ್ಲಿಯ ನ್ಯಾಯ?

ಈ ಬಟ್ಟಲಿನಿಂದ ಆ ಬಟ್ಟಲಿಗೆ ಕೆಂಪು ಬೀನ್ಸ್ ಕಾಳು.
ಮೊದಲ ದಿನ ಸೊನ್ನೆ. ಎರಡನೇ ದಿನ ಸೊನ್ನೆ.
ಮುಷ್ಟಿ ಬಿಗಿದೇ ಇದೆ, ಯಾರದೋ ಕಾಸು ಬಚ್ಚಿಟ್ಟ ಹಾಗೆ.
ಆರನೇ ದಿನ ಒಂದು ಕಾಳು ಮೇಲೆದ್ದಿತು,
ಬಟ್ಟಲಂಚಿಗೆ ಬಡಿದು
ಒತಾರಿಯ ಗಾಲಿಕುರ್ಚಿಯ ಕೆಳಗೆ ಉರುಳಿತು.
ಒತಾರಿ, ಹಳೆಯ ಬಸ್ ಡ್ರೈವರ್,
ಎರಡು ಕಂಬಿಗಳ ನಡುವೆ ತನ್ನ ಎಡಗಾಲನ್ನು
ಬೈದು ಬೈದೇ ನಡೆಸುವವನು,
ಆ ದಿನ ಬಗ್ಗಿ, ತಡಕಿ, ಹುಡುಕಿಕೊಟ್ಟ.
(ಬಗ್ಗುವುದು ಅವನ ಪಟ್ಟಿಯಲ್ಲಿ ಇರಲಿಲ್ಲ.
ನೆಸ್ತಾನ್ ಗದರಿದಳು, ಆಮೇಲೆ ಬರೆದುಕೊಂಡಳು.)

ಏಪ್ರಿಲಿನಲ್ಲಿ ಅಂಗಡಿಗೆ ಬಂದೆ. ತೆಕ್ಲೆ,
ಹೆಸರು ಈಗ ಬರುತ್ತದೆ, ಕೆಲವು ಸಲ ತಡವಾಗಿ,
ತೆಕ್ಲೆಯೇ ಎಳೆಯುತ್ತಾಳೆ, ಬಾಗುತ್ತಾಳೆ, ಬಡಿಯುತ್ತಾಳೆ.
ನಾನೂ ಒಮ್ಮೆ ಬಡಿದೆ. ಕೆಂಡಕ್ಕೆ ಬಿತ್ತು.
ಸುಟ್ಟ ವಾಸನೆಗೆ ಎದುರು ಮನೆಯ ನಾಯಿ ಬೊಗಳಿತು.
ನಾವಿಬ್ಬರೂ ಏನೂ ಆಡಲಿಲ್ಲ.

ಆದರೆ ಪ್ರತಿ ರೊಟ್ಟಿಯ ನಡುವೆ ಒಂದು ತೂತು ಬೇಕು, ಹಬೆ ಹೋಗಲು.
ಇಲ್ಲದಿದ್ದರೆ ಉಬ್ಬಿ, ಗೋಡೆ ಬಿಟ್ಟು ಬೀಳುತ್ತದೆ.
ಒಂದೇ ಬೆರಳಿನ ಕೆಲಸ.
ಭುಜದಿಂದ ಹೊರಟ ಅಪ್ಪಣೆ ಮೊಣಕೈಯಲ್ಲಿ ತಂಗುತ್ತದೆ,
ಮಣಿಕಟ್ಟಲ್ಲಿ ಗೊಣಗುತ್ತದೆ,
ತೋರುಬೆರಳಿಗೆ ಬರುವ ತನಕ ತೆಕ್ಲೆ
ಹಿಟ್ಟು ಹಿಡಿದು ಕಾಯುತ್ತಾಳೆ, ಬೇರೆಲ್ಲೋ ನೋಡುತ್ತ.

ಕೆಲವು ರೊಟ್ಟಿಗೆ ತೂತು ಓರೆ. ಕೆಲವಕ್ಕೆ ಎರಡು.
ಕೊಳ್ಳುವವರು ಕೇಳಿದರೆ ಅವಳ ಉತ್ತರ:
"ಮಾವನ ಹಾಜರಿ."
ಚಳಿ ಹೆಚ್ಚಾದ ದಿನ ಬೆರಳು ಬರುವುದಿಲ್ಲ.
ಆವತ್ತು ಅವಳೇ ಚುಚ್ಚುತ್ತಾಳೆ.
ನನ್ನ ಎಡಗೈ, ಎಲ್ಲ ಬಲ್ಲದ್ದು,
ಕಿಸೆಯೊಳಗೆ ಅದುಮಿಕೊಂಡು ಸುಮ್ಮನಿರುತ್ತದೆ.