ಯಾರು ಹೇಳಿದ್ದು, ಯಾವ ವರ್ಷ

ಬಸ್‌ಸ್ಟ್ಯಾಂಡಿನ ಹಿಂದೆ, ಝೆರಾಕ್ಸ್ ಅಂಗಡಿಯ ಮೇಲೆ
ಒಂಬತ್ತು ಕುರ್ಚಿ, ಎಂಟು ಮಂದಿ,
ಆರು ವಾರದ ಇಂಗ್ಲಿಷು.
ಜುಲೈಗೆ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಶುರು.
ಅಷ್ಟರೊಳಗೆ ಬರೆಯುವ ಇಂಗ್ಲಿಷು ಕಲಿಯಬೇಕು;
ಆಡುವುದು ಬೇರೆಯಂತೆ, ಅದು ತಾನಾಗಿ ಬರುತ್ತದಂತೆ,
ಬೆನಿಟಾ ಮಿಸ್ಸು ಹೇಳುತ್ತಾರೆ.
ನನಗೆ ಎರಡೂ ಬಂದಿಲ್ಲ.

ಮನೆಯಲ್ಲಿ ಕೊಂಕಣಿ. ಶಾಲೆಯಲ್ಲಿ ಕನ್ನಡ.
ಅದೂ ಮೊದಲು ಹೀಗೇ ಇತ್ತು:
ಒಂದನೇ ಇಯತ್ತೆಯಲ್ಲಿ ಒಂದು ವಾರ
ಬಾಯಿ ಬಿಡದೆ ಕೂತಿದ್ದೆ,
ಉಚ್ಚೆಗೆ ಹೋಗಬೇಕೆನ್ನಲು ಶಬ್ದ ಸಿಗದೆ.
ಈಗ ನೋಡಿ, ಅದರಲ್ಲೇ ಗೊಣಗುತ್ತಿದ್ದೇನೆ.

ಮೊದಲ ವಾರ ಕರ್ಮಣಿ ಪ್ರಯೋಗ.
ನಾವು ಬಲೆ ಬಿಟ್ಟೆವು ಅನ್ನಬಾರದು.
ಬಲೆ ಬಿಡಲಾಯಿತು.
ಮೀನು ತೂಗಲಾಯಿತು.
ಬೈತಖೋಲದ ಧಕ್ಕೆಗೆ ರಾತ್ರಿ ಎರಡಕ್ಕೆ ಎದ್ದು ಹೋದವರು,
ಮಂಜುಗಡ್ಡೆ ಒಡೆದೊಡೆದು ಬೆರಳು ಮರಗಟ್ಟಿದವರು,
ಬುಟ್ಟಿಗೆ ಇಷ್ಟೆಂದು ಗಂಟಲು ಹರಿಯುವಂತೆ ಕೂಗಿದ ಆಯಿ
ಎಲ್ಲರೂ ವಾಕ್ಯದಿಂದ ಇಳಿದು ಹೋದರು.
ದೋಣಿ ತಾನೇ ಹೋಗಿ ತಾನೇ ಬಂತು.
ನನಗೆ ಹತ್ತಕ್ಕೆ ಎಂಟು.

ಆಮೇಲೆ: ಖಡಾಖಂಡಿತ ಹೇಳಬೇಡಿ.
ಇರಬಹುದು ಅನ್ನಿ, ತೋರುತ್ತದೆ ಅನ್ನಿ,
ಸಾಧ್ಯತೆಯನ್ನು ಅಲ್ಲಗಳೆಯಲಾಗದು ಅನ್ನಿ.
ಮಾಜಾಳಿಯ ದತ್ತಗುರು ಎದ್ದು ನಿಂತ,
'ಮಿಸ್, ಇದು ಹೆದರಿದವರ ಭಾಷೆ.'
ಎಲ್ಲರೂ ನಕ್ಕರು.
ನನಗೆ ಬಾಳಾ ಮಾಮ ನೆನಪಾದ.
ಮೂವತ್ತೆರಡು ವರ್ಷ ಚುಕ್ಕಾಣಿ ಹಿಡಿದವನು,
ದೇವಗಡದ ದೀಪದತ್ತ ಕಣ್ಣು ಕಿರಿದು ಮಾಡಿ
ಒಮ್ಮೆಯೂ ಗಾಳಿ ಏಳುತ್ತದೆ ಅಂದವನಲ್ಲ.
ಏಳಲೂಬಹುದು ಅನ್ನುತ್ತಾನೆ,
ಬೀಡಿ ಆರಿಸುತ್ತಾನೆ, ಹಗ್ಗ ಬಿಗಿಯುತ್ತಾನೆ.
ಖಂಡಿತ ಅಂದವರು ಯಾರೂ
ನಮ್ಮ ಕೇರಿಯಲ್ಲಿ ಮುದುಕರಾಗಿಲ್ಲ.

ಐದನೇ ವಾರ ಪ್ರಬಂಧ, ಐನೂರು ಪದ.
ನನ್ನದು ತಾರ್ಲೆ ಮೀನಿನ ಮೇಲೆ.
ನೀರು ಎಣ್ಣೆ ಸವರಿದ ಹಾಗೆ ಮಿಂಚಿ,
ಹಕ್ಕಿ ಕೂರದೆ ಸುತ್ತಿದರೆ,
ಕೂರ್ಮಗಡದ ಒಳಬದಿಗೆ ಮರುದಿನ
ತಾರ್ಲೆ ಬರಬಹುದು ಎಂದು ಬರೆದೆ.
ಬರಬಹುದು ಅಂತಲೇ ಹಾಕಿದ್ದೆ, ಜಾಗ್ರತೆಯಾಗಿ.
ಅಂಚಿನಲ್ಲಿ ಕೆಂಪು ಶಾಯಿ:
ಯಾರು ಹೇಳಿದ್ದು? ಯಾವ ವರ್ಷ? ಯಾವ ಪುಟ?

ಅಜ್ಜಿ ಹೇಳಿದ್ದು ಮಿಸ್.
ಅಜ್ಜಿಗೆ ಪುಟ ಇಲ್ಲ.

ಬೆನಿಟಾ ಮಿಸ್ಸು ಕನ್ನಡಕ ತೆಗೆದು ಒರೆಸಿಕೊಂಡರು.
ಅದಕ್ಕೂ ದಾರಿ ಉಂಟು, ಅಂದರು.
ಹೆಸರು, ಆಮೇಲೆ ಪರ್ಸನಲ್ ಕಮ್ಯುನಿಕೇಶನ್,
ಆಮೇಲೆ ಮಾತಾಡಿದ ತಾರೀಕು.
ಕೊನೆಯ ಪಟ್ಟಿಗೆ ಮಾತ್ರ ಸೇರಿಸುವಂತಿಲ್ಲ,
ಪಟ್ಟಿ ಅಚ್ಚಾದವರಿಗೆ.
ವಾಕ್ಯದ ಒಳಗೇ, ಕಂಸದಲ್ಲಿ ಕೂರಿಸು.

ಅಜ್ಜಿ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು,
ಕಾಗೆಗೆ ಬೈಯುತ್ತ.
ಆ ಎಣ್ಣೆನೀರಿನ ಮಾತು ಯಾವತ್ತು ಹೇಳಿದ್ದೆ ನನಗೆ?
'ಯಾವತ್ತು ಹೇಳಿಲ್ಲ?'
ಹಾಗಲ್ಲ, ತಾರೀಕು ಬೇಕು.
'ಹಾಗಾದರೆ ಇವತ್ತು ಹೇಳುತ್ತೇನೆ, ಬರಕೋ.'
ಪೂರ್ತಿ ಹೇಳಿದಳು, ಗಾಳಿಯ ದಿಕ್ಕು ಸಮೇತ,
ನಾನು ಬಿಟ್ಟಿದ್ದ ಹುಣ್ಣಿಮೆಯ ವಿಷಯ ಸಮೇತ.
ಆಮೇಲೆ, ಮೊರ ಕೆಳಗಿಟ್ಟು:
'ನನಗೆ ಹೇಳಿದ್ದು ನನ್ನತ್ತೆ, ರುಕ್ಮಾಯಿ. ಅವಳ ಹೆಸರೂ ಹಾಕು.
ಅವಳಿಗೆ ಯಾರು ಹೇಳಿದ್ದೋ, ನಾನು ಕೇಳಲಿಲ್ಲ.
ಕೇಳಬೇಕಿತ್ತು.
ಎರಡು ಸಲ ನನ್ನ ಲೆಕ್ಕ ತಪ್ಪಿದೆ.
ಅದನ್ನೂ ಬರಿ.'

ಇಷ್ಟು ಕಲಿಸಲು ಮಿಸ್ಸಿಗೆ ಐದು ವಾರ ಹಿಡಿದಿತ್ತು.

ಸಾಂತೇರಿ ತಾಂಡೇಲ, ಮೇ ಇಪ್ಪತ್ತೊಂದು.
ಇಂಗ್ಲಿಷಿನಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಕೇಳಿದಳು.
ತೋರಿಸಿದೆ.
ಎರಡು ಬಾಗಿದ ಗೆರೆಗಳ ನಡುವೆ,
ಪಾತಿದೋಣಿಯಲ್ಲಿ ಕೂತ ಹಾಗಿದ್ದಳು.
ಬೆರಳಿಟ್ಟು ನೋಡಿದಳು.
ಕಾಗದದ ಮೇಲೆ ಒಂದು ಎಣ್ಣೆಯ ಕಲೆ;
ಅದರ ಮೂಲಕ ಕೆಳಗಿನ ಪುಟದ ಅಕ್ಷರ
ತಿರುವುಮುರುವಾಗಿಯಲ್ಲ, ನೆಟ್ಟಗೇ ಕಾಣುತ್ತಿತ್ತು.

ಬೇರೆ ಪ್ರತಿ ತೆಗೆಯಲು ಎರಡು ರೂಪಾಯಿ.
ಕೆಳಗೇ ಅಂಗಡಿ.
ತೆಗೆಯಲಿಲ್ಲ. ಹಾಗೇ ಕೊಟ್ಟೆ.