ಕೊನೆಗೊಂದು ಆಮೆ ಬರುತ್ತದೆ

ಹೆಸರು ಗೊತ್ತಿಲ್ಲ. ಬರೆದವರು ಯಾರೋ.
ರಟ್ಟು ನೀಲಿ, ಅಥವಾ ಯಾರೋ ಹಾಕಿದ್ದ
ಕ್ಯಾಲೆಂಡರ್ ಹಾಳೆಯ ಹೊದಿಕೆ ನೀಲಿ.
ಮೂವರು ಹುಡುಗರು, ಒಬ್ಬ ಹುಡುಗಿ, ಅವಳಿಗೆ ಜಡೆ ಒಂದೇ;
ಇನ್ನೊಂದನ್ನು ಕಳ್ಳ ಕತ್ತರಿಸಿಕೊಂಡು ಹೋಗಿದ್ದಾನೆ.
ಕೊನೆಗೊಂದು ಆಮೆ ಬರುತ್ತದೆ.

ಇಷ್ಟನ್ನೇ ಹೇಳಿಕೊಂಡು ಅಲೆದಿದ್ದೇನೆ
ಫೌಂಟನ್ನಿನ ಫುಟ್‌ಪಾತು, ಮಾಟುಂಗದ ರದ್ದಿ ಅಂಗಡಿ.
ತೂಕದ ಕಲ್ಲನ್ನು ಕೈಯಲ್ಲೇ ಹಿಡಿದು ಅವನು ಕೇಳಿದ:
"ಕನ್ನಡ್? ವೋ ಗೋಲ್ ಗೋಲ್ ವಾಲಾ?"
ಹೌದು ಮಾರಾಯ, ಅದೇ, ಗುಂಡು ಗುಂಡಿನದು.
ಹುಡುಕಿ ಕೊಟ್ಟದ್ದು ತೆಲುಗಿನ ಪಂಚಾಂಗ.

ಸಂಘದ ಕಪಾಟಿನ ಬೀಗ ತೆಗೆಸಿದೆ.
ಕರ್ಕೇರ ಮಾಸ್ತರರಿಗೆ ಈಗ ಎಂಬತ್ತಾರು.
"ಪತ್ತೇದಾರಿಯೋ, ಮಕ್ಕಳದ್ದೋ, ಎರಡೂ ಒಟ್ಟಿಗೆಯೋ?"
ಲೆಡ್ಜರಿನಲ್ಲಿ ಅಪ್ಪನ ಸಹಿ ಸಿಕ್ಕಿತು,
ಎಪ್ಪತ್ತೆಂಟರ ಜುಲೈ, ಪುಸ್ತಕ ಸಂಖ್ಯೆ ನಾನೂರ ಹನ್ನೆರಡು,
ವಾಪಸು ಬಂದ ತಾರೀಖಿನ ಜಾಗ ಖಾಲಿ.
ನಾನೂರ ಹನ್ನೆರಡರ ಹೆಸರಿದ್ದ ಪುಟವನ್ನು
ಯಾವುದೋ ಹುಳ ನನಗಿಂತ ಮೊದಲೇ ಓದಿ ಮುಗಿಸಿತ್ತು.
"ದಂಡ ಏಳು ರೂಪಾಯಿ," ಅಂದರು ಮಾಸ್ತರು,
"ಅದಕ್ಕಿಂತ ಹೆಚ್ಚು ಹಾಕಲಿಕ್ಕೆ ನಿಯಮ ಇಲ್ಲ."
ಕೊಟ್ಟೆ. ರಸೀದಿ ಬರೆದರು, ಕೈ ನಡುಗುತ್ತಿತ್ತು.

ನನಗಾಗ ಐದು, ಜಲಜಕ್ಕನಿಗೆ ಹನ್ನೊಂದು.
ಶಿವ್ಡಿಯ ಚಾಳು, ಎರಡನೇ ಮಾಳಿಗೆ, ಮೆಟ್ಟಿಲ ತಿರುವು,
ಪುಕ್ಕಟೆ ಬಲ್ಬು ಉರಿಯುತ್ತಿದ್ದದ್ದು ಅಲ್ಲಿ ಮಾತ್ರ.
ಅಪ್ಪನಿಗೆ ಡಾಕಿನಲ್ಲಿ ರಾತ್ರಿ ಪಾಳಿ.
ಅಕ್ಕ ಪುಸ್ತಕವನ್ನು ಮಡಿಲಲ್ಲಿಟ್ಟು ಓದುವಳು,
ಸಾಲಿನಡಿ ಬೆರಳು, ಪುಟ ತಿರುವಲು ನಾಲಗೆಯ ತೇವ.
ಗೂಡ್ಸ್ ಗಾಡಿ ಬಂದರೆ ಅವಳ ದನಿ ನಿಲ್ಲುತ್ತಿತ್ತು;
ಅದು ಹೋಗಿ ಮುಗಿಯುವ ತನಕ
ಕಳ್ಳನೂ ಅಲ್ಲೇ, ಒಂದು ಕಾಲು ಕಿಟಕಿಯೊಳಗಿಟ್ಟು,
ಕಾಯುತ್ತಿದ್ದ.

ನಿನ್ನೆ ಫೋನು ಮಾಡಿದೆ. ಕಳ್ವಾದಲ್ಲಿದ್ದಾಳೆ, ಮಂಡಿನೋವು.
ನೀಲಿ ರಟ್ಟು ಹೇಳಿದೆ, ಜಡೆ ಹೇಳಿದೆ,
ಕಳ್ಳನ ಹೆಸರು ಪಿಂಪುಟ್ಕರ್ ಅಂದೆ.
ಆಚೆ ಕುಕ್ಕರ್ ಮೂರು ಸಲ ಕೂಗಿತು.
"ಪಿಂಪುಟ್ಕರ್ ನಮ್ಮ ಗಣಿತದ ಸರ್ ಮಾರಾಯ!
ನಾನು ಮುನ್ಸಿಪಾಲಿಟಿಯ ಮರಾಠಿ ಶಾಲೆ ಅಲ್ವನಾ,
ನನಗೆ ಕನ್ನಡ ಅಕ್ಷರ ಎಲ್ಲಿಂದ ಬರ್ಬೇಕು?"

ಮತ್ತೆ ಸಾಲಿನಡಿ ಓಡುತ್ತಿದ್ದ ಆ ಬೆರಳು?

"ಓಡಿಸದಿದ್ರೆ ನೀನು ಅಳ್ತಿದ್ದಿ."

ಸುಳಿವೆಲ್ಲ ಕಣ್ಣೆದುರೇ ಇತ್ತು.
ಪತ್ತೇದಾರ ವಡಾಪಾವ್ ತಿಂದು ಕಾಗದಕ್ಕೆ ಕೈ ಒರೆಸಿದ್ದ.
ಹವಾಲ್ದಾರ "ಚಲ್, ಪುಢೇ ಹೋ" ಎಂದು ಗದರಿದ್ದ.
ನಿಧಿ ಹೂತದ್ದು ನಮ್ಮದೇ ನಲ್ಲಿಯ ಪಕ್ಕ,
ಪಾಚಿ ಕಟ್ಟಿದ ಕಲ್ಲಿನಡಿ.
ತಿಂಗಳ ಕೊನೆಯ ವಾರ ಓದಿದ ಅಧ್ಯಾಯಗಳಲ್ಲಿ
ಯಾರೂ ಊಟ ಮಾಡುತ್ತಿರಲಿಲ್ಲ.
ನಾಲ್ಕು ದಶಕ ನನಗೆ ಒಂದು ಅನುಮಾನವೂ ಬರಲಿಲ್ಲ,
ಎಂಥ ಪತ್ತೇದಾರ ನಾನು!

"ಹಾಗಾದ್ರೆ ಜಡೆ?"
"ಅದು ಚಿತ್ರದಲ್ಲೇ ಇತ್ತು.
ಹುಡುಗಿ ಪಕ್ಕಕ್ಕೆ ತಿರುಗಿ ನಿಂತಿದ್ದಳು, ಒಂದೇ ಕಾಣ್ತಿತ್ತು.
ಇನ್ನೊಂದು ಎಲ್ಲಿ ಅಂತ ನೀನೇ ಕೇಳಿದ್ದು."

"ಆಮೆ?"
"ಯಾವ ಆಮೆ?"
"ಕೊನೆಗೆ ಬರ್ತದಲ್ಲ."
"ಕೊನೆ ನಾನು ಹೇಳಿದ್ದೇ ಇಲ್ಲ. ನಿಂಗೆ ನಿದ್ದೆ ಬರ್ತಿತ್ತು.
ಎತ್ತಿಕೊಂಡು ಹೋಗಿ ಮಲಗಿಸ್ತಿದ್ದೆ.
ಭಾರ ಇದ್ದಿ ನೀನು, ನೋಡ್ಲಿಕ್ಕೆ ಸಪೂರ."

ಫೋನಿಟ್ಟ ಮೇಲೆ ಹಳೆಯ ವಿವರವನ್ನೆಲ್ಲ ಹೊಡೆದು ಹಾಕಿದೆ.
ಕಳ್ಳ ಹೋದ, ಹವಾಲ್ದಾರ ಹೋದ, ನಿಧಿ ಹೋಯಿತು.
ಉಳಿದದ್ದು ಪಕ್ಕಕ್ಕೆ ತಿರುಗಿ ನಿಂತ ಒಬ್ಬ ಹುಡುಗಿ,
ಮತ್ತೆ ಯಾರೂ ತಮ್ಮದೆಂದು ಒಪ್ಪದ ಒಂದು ಆಮೆ.

ಆದಿತ್ಯವಾರ ಪುನಃ ಮಾಟುಂಗಕ್ಕೆ ಹೋಗುವೆ.
ಗುಂಡು ಗುಂಡಿನದನ್ನೆಲ್ಲ ತೆಗೆದಿಡು, ಅನ್ನುವೆ,
ಓದಲಿಕ್ಕಲ್ಲ, ಚಿತ್ರ ನೋಡಲಿಕ್ಕೆ.
ರದ್ದಿಯ ರೇಟು ಕಿಲೋಗೆ ಎಷ್ಟಾದರೂ ಸರಿ.
ಆಮೆ ಇದ್ದರೆ
ಮೇಲೆ ಏಳು ರೂಪಾಯಿ.